ನವನಗರದಾಗ ಹೆಚ್‌ಎಸ್ ಸಿಆರ್‌ಪಿ ಮಾಡ್ಸಿದ್ವಿ, ಲ್ಯಾಬ್ ಚಲೋ ಐತಿ

ನಮ್ಮ ಅವ್ವಗ ಕೆಟ್ಟ ಕೊಲೆಸ್ಟ್ರಾಲ್ ಅಂದ್ರ ಎಲ್‌ಡಿಎಲ್ ಬಾರ್ಡರ್‌ನ್ಯಾಗ ಇತ್ತು, ಶುಗರ್ ಬಿಪಿ ಏನೂ ಇಲ್ಲ, ಆದ್ರ ನಮ್ಮ ಮಾಮಾಗ ಸಣ್ಣ ವಯಸ್ಸಿನ್ಯಾಗ ಹಾರ್ಟ್ ಅಟ್ಯಾಕ್ ಆಗಿತ್ತು, ಹಂಗಾಗಿ ಕೊಲೆಸ್ಟ್ರಾಲ್ ಇಳಿಸೂ ಸ್ಟ್ಯಾಟಿನ್ ಗುಳಿಗಿ ಚಾಲೂ ಮಾಡೂದೋ ಬ್ಯಾಡೋ ಅಂತ ನೋಡಾಕ ಡಾಕ್ಟರು ಹೆಚ್‌ಎಸ್ ಸಿಆರ್‌ಪಿ ಅಂದ್ರ ಮೈಯಾಗಿನ ಸಣ್ಣ ಉರಿಯೂತಾನೂ ತೋರ್ಸೂ ರಕ್ತದ ಟೆಸ್ಟ್ ಬರ್ದಕೊಟ್ರು. ಬಾಗಲಕೋಟಿ ನವನಗರದಾಗಿನ ಒಂದ್ ಸಣ್ಣ ಲ್ಯಾಬಿಗೆ ಹೋದ್ವಿ.

ಸೂಜಿ ಚುಚ್ಚೂ ಮೊದ್ಲ ಅಲ್ಲಿದ್ದ ಹುಡುಗಿ ಕೇಳಿದ್ಲು, ಜ್ವರ, ಕೆಮ್ಮು, ಗಾಯ, ಹಲ್ ಬ್ಯಾನಿ ಏನರ ಐತೇನ್ರೀ ಅಂತ. ಅವ್ವ ಗಲ್ಲ ಹಿಡ್ಕೊಂಡು "ಒಸಡು ಬಾತೈತಿ ನೋಡವಾ, ರೊಟ್ಟಿ ಅಗಿಯಾಕ ಆಗವಲ್ದು" ಅಂದ್ಲು. ಹಂಗಾರ ಇವತ್ತ ಬ್ಯಾಡ್ರಿ, ಅದು ಪೂರಾ ಕಡಿಮಿ ಆಗಿ ಎರಡ್ ಮೂರ್ ವಾರ ಆದಮ್ಯಾಲ ಬರ್ರಿ ಅಂತ ವಾಪಸ್ ಕಳಿಸಿದ್ಲು! ಕೈಯಾಗ ಬಂದ ಬಿಲ್ ಬಿಟ್ಟು ಹಿಂಗ ಹೇಳೋರು ಭಾಳ ಕಡಿಮಿ ರೀ, ನನಗ ಖರೇನ ಖುಷಿ ಆತು.

ಯಾಕಂದ್ರ ಸಿಆರ್‌ಪಿ ಲಿವರ್‌ನ್ಯಾಗ ತಯಾರ್ ಆಗೂ ಪ್ರೋಟೀನ್, ಮೈಯಾಗ ಎಲ್ಲೇ ಉರಿಯೂತ ಆಗ್ಲಿ ಏರ್ತೈತಿ, ಅದು ಒಸಡಿಂದೋ ರಕ್ತನಾಳದ್ದೋ ಅಂತ ಟೆಸ್ಟಿಗೆ ಗೊತ್ತಾಗಂಗಿಲ್ಲ. 10ರ ಮ್ಯಾಲ ಬಂದ್ರ ಹಾರ್ಟ್ ಅಂತ ಅಂಜೂದಕ್ಕಿಂತ ಎಲ್ಲಿ ಇನ್ಫೆಕ್ಷನ್ ಐತಿ ನೋಡ್ಬೇಕು, ಆಮ್ಯಾಲ ಮತ್ತ ಮಾಡಿಸ್ಬೇಕು. ಲೀಟರಿಗೆ 1 ಮಿಲಿಗ್ರಾಮ್‌ಕಿಂತ ಕಡಿಮಿ ಇದ್ರ ರಿಸ್ಕ್ ಕಡಿಮಿ, 1ರಿಂದ 3 ನಡುವಿಂದು, 3 ದಾಟಿದ್ರ ಜಾಸ್ತಿ. 2008ರಾಗ ಬಂದ ಜುಪಿಟರ್ ಅನ್ನೂ ಸ್ಟಡಿಯಾಗ ಎಲ್‌ಡಿಎಲ್ 130ಕ್ಕಿಂತ ಕಡಿಮಿ ಇದ್ದೂ ಹೆಚ್‌ಎಸ್ ಸಿಆರ್‌ಪಿ 2 ಅಥವಾ ಅದಕ್ಕಿಂತ ಹೆಚ್ಚಿದ್ದ 17 ಸಾವಿರಕ್ಕೂ ಜಾಸ್ತಿ ಮಂದಿ ಇದ್ರು, ಅವರಾಗ ರೋಸುವಾಸ್ಟ್ಯಾಟಿನ್ ಅನ್ನೂ ಸ್ಟ್ಯಾಟಿನ್ ಗುಳಿಗಿ ತಗೊಂಡವ್ರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಎಲ್ಲಾ ಸೇರಿ ಅರ್ಧದ ಹತ್ರ ಕಡಿಮಿ ಆದ್ವು. ಬರೇ ಕೊಲೆಸ್ಟ್ರಾಲ್ ನಾರ್ಮಲ್ ಐತಿ ಅಂತ ಆರಾಮ ಕುಂದ್ರಬಾರ್ದು ಅನ್ನೂದು ಅದಕ್ಕ.

ಒಸಡಿನ ಬಾವು ಇಳಿದಮ್ಯಾಲ ಅವರು ಹೇಳಿದಷ್ಟ ವಾರ ಬಿಟ್ಟು ಮತ್ತ ಹೋಗಿ ರಕ್ತ ಕೊಟ್ವಿ. ರಿಪೋರ್ಟ್ ಸಂಜಿಕಿ ವಾಟ್ಸಾಪ್‌ಗೆ ಬಂತು, 2.6 ಇತ್ತು. ಒಂದ ಕಂಪ್ಲೇಂಟ್ ಅಂದ್ರ ಅದ್ರಾಗ "3ರ ಒಳಗ ನಾರ್ಮಲ್" ಅಂತಷ್ಟ ಪ್ರಿಂಟ್ ಮಾಡ್ಯಾರ, ಮೂರೂ ಲೆವೆಲ್ ಹಾಕ್ಬೇಕಿತ್ತು, ಇಲ್ಲಂದ್ರ ಮಂದಿ ನಾರ್ಮಲ್ ಅಂತ ನೋಡಿ ಡಾಕ್ಟರ್ ಕಡೆ ಹೋಗೂದ ಬಿಡ್ತಾರ. ನಮ್ಮ ಡಾಕ್ಟರು ಒಂದ್ ಸಲದ ಮ್ಯಾಲ ಗುಳಿಗಿ ಬ್ಯಾಡ, ಇನ್ನೊಮ್ಮಿ ಮಾಡ್ಸಿ ಎರಡೂ ನೋಡಿ ಹೇಳ್ತೀನಿ ಅಂದಾರ, ಅಲ್ಲೀತನಕ ಎಣ್ಣಿ ಕಡಿಮಿ, ದಿನಾ ವಾಕಿಂಗ್, ಹಲ್ಲಿನ ಡಾಕ್ಟರ್ ಕಡೆ ಪೂರಾ ಇಲಾಜ್.

ಇನ್ನೊಂದ್ ಮಾತು, ಊರಾಗ "ಫುಲ್ ಹಾರ್ಟ್ ಪ್ಯಾಕೇಜ್" ಅಂತ ಬೋರ್ಡ್ ಹಾಕಿರೂ ಕಡೆ ಕೆಲವೊಮ್ಮಿ ಸಾದಾ ಸಿಆರ್‌ಪಿ ಇರ್ತೈತಿ, ಅದು ಇನ್ಫೆಕ್ಷನ್ ನೋಡಾಕ, 1, 2ರಷ್ಟು ಸಣ್ಣ ಲೆವೆಲ್ ಅದ್ರಾಗ ಸರಿಯಾಗಿ ತಿಳಿಯಂಗಿಲ್ಲ. ರೊಕ್ಕ ಕೊಡೂ ಮೊದ್ಲ ಬಿಲ್ಲಿನ್ಯಾಗ "ಹೆಚ್‌ಎಸ್" ಅಂತ ಬರ್ದಾರೇನು ನೋಡ್ರಿ. ಈ ಟೆಸ್ಟ್ ಒಂದಕ್ಕಾದ್ರ ಉಪವಾಸ ಬೇಕಾಗಿಲ್ಲ, ನಾಷ್ಟಾ ಮಾಡ್ಕೊಂಡ ಹೋಗ್ರಿ.