ಸೊಟ್ಟ ಸ್ಟ್ರಾಬೆರಿ ಕಂಡ ಕೂಡಲೇ ಸಿಂಪಡಣೆಗೆ ಇಳಿಯಬೇಡಿ

ಗಿಡ ನನ್ನದು, ಸಿಂಪಡಿಸಿದ ಕೈಯೂ ನನ್ನದೇ. ಬೈಯಲು ಬೇರೆ ಯಾರೂ ಸಿಗದ ನಷ್ಟ ಇದು.

ಮೊದಲ ಕೊಯ್ಲಿನಲ್ಲೇ ಬಹಳಷ್ಟು ಹಣ್ಣುಗಳು ಸೊಟ್ಟಗಿದ್ದವು. ಒಂದು ಬದಿ ಉಬ್ಬಿದರೆ ಇನ್ನೊಂದು ಬದಿ ಚಿವುಟಿದಂತೆ ಮುದುಡಿತ್ತು. ಗಿಡಕ್ಕೆ ಅತ್ಯಲ್ಪವಾಗಿ ಬೇಕಾಗುವ ಪೋಷಕಾಂಶ ಬೋರಾನ್; ಅದರ ಕೊರತೆ ಎಂದರು ಪರಿಚಿತರೊಬ್ಬರು. ಬೋರಾನ್ ಕಡಿಮೆಯಾದರೂ ಹಣ್ಣು ಹೀಗಾಗುವುದು ನಿಜವೇ. ಎಲೆ ಪರೀಕ್ಷೆ ಮಾಡಿಸುವಷ್ಟು ತಾಳ್ಮೆ ಮಾತ್ರ ನನಗಿರಲಿಲ್ಲ. ಒಮ್ಮೆ ಹೇಳಿದ ಪ್ರಮಾಣದಲ್ಲಿ ಸಿಂಪಡಿಸಿದೆ; ಫಲ ಕಾಣದೆ ಐದನೇ ದಿನ ದುಪ್ಪಟ್ಟು ಹಾಕಿದೆ. ಬೋರಾನ್‌ನಲ್ಲಿ ಸಾಲದು ಎನ್ನುವುದಕ್ಕೂ ಅತಿಯಾಯಿತು ಎನ್ನುವುದಕ್ಕೂ ನಡುವಿನ ಅಂತರ ತೀರಾ ಕಿರಿದು. ಹಳೆಯ ಎಲೆಗಳ ಅಂಚು ಸುತ್ತಲೂ ಸುಟ್ಟಂತೆ ಕಂದುಗಟ್ಟಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸೊರಗಿದ ಗಿಡ ಚೇತರಿಸಿಕೊಳ್ಳಲಿ ಎಂದು ಬೆಳವಣಿಗೆ ಚುರುಕುಗೊಳಿಸುವ ಹಾರ್ಮೋನಾದ ಜಿಬ್ಬರೆಲಿಕ್ ಆಮ್ಲ ತಂದೆ. 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಬೇಕಿತ್ತು, ಅಂದರೆ 20 ಲೀಟರ್ ನೀರಿಗೆ ಒಂದು ಗ್ರಾಂ ಆಮ್ಲ. ನನ್ನ ಬಳಿ ಇದ್ದದ್ದು 90 ಶೇಕಡಾ ಪುಡಿ, ಅಳೆದದ್ದು ಚಮಚದಲ್ಲಿ. ಒಂದು ಚಮಚ ಪುಡಿ ಮೂರು ಗ್ರಾಂ ಮೀರಬಹುದೆಂದು ಆಗ ಹೊಳೆಯಲೇ ಇಲ್ಲ. ಇದೇ ಆಮ್ಲ 0.001 ಶೇಕಡಾ ದ್ರವವಾಗಿಯೂ ಸಿಗುತ್ತದೆ. ಆ ಬಾಟಲಿಯ ಅಳತೆಯನ್ನು ಈ ಪುಡಿಗೆ ಅನ್ವಯಿಸಿದವರ ಪಾಡು ನನಗಿಂತ ಕೆಟ್ಟದ್ದು.

ಮೊದಲು ಹಿಗ್ಗಿದೆ. ಗಿಡ ಸರಸರನೆ ಎದ್ದಿತು. ಆಮೇಲೆ ನೋಡಿದರೆ ಎಲೆಯ ತೊಟ್ಟುಗಳು ಪೀಚಾಗಿ ಉದ್ದವಾಗಿದ್ದವು. ಹೂಗೊಂಚಲಿನ ಕಾಂಡ ಭಾರ ತಾಳದೆ ಮಲಗಿತು. ಹಣ್ಣು ನೆಲಕ್ಕೆ ತಾಗಿ ಕೊಳೆಯಿತು. ಹಣ್ಣಿಗೆ ಹೋಗಬೇಕಾದ ಶಕ್ತಿ, ನೆಲದ ಮೇಲೆ ಹಬ್ಬಿ ಹೊಸ ಸಸಿ ಕೊಡುವ ಹಂಬುಗಳಿಗೆ ಹೋಯಿತು. ಹಂಬು ಹೆಚ್ಚಿಸಲೆಂದೇ ಸಸಿ ಬೆಳೆಸುವವರು ಈ ಆಮ್ಲ ಬಳಸುತ್ತಾರೆ ಎಂಬುದು ಆಮೇಲೆ ತಿಳಿಯಿತು. ನಡುವೆ ಕ್ಯಾಲ್ಸಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್ ಎಂಬ ಎರಡು ಗೊಬ್ಬರಗಳನ್ನು ಒಂದೇ ಬಕೆಟ್‌ನಲ್ಲಿ ಕಡಿಮೆ ನೀರಿಗೆ ಗಟ್ಟಿಯಾಗಿ ಕದಡಿ, ತಳದಲ್ಲಿ ಬಿಳಿ ಗಷ್ಟು ಕೂತು ನಾಜಲ್ ಕಟ್ಟಿಕೊಂಡದ್ದೂ ಉಂಟು.

ಇಷ್ಟಾದ ಮೇಲೆ ಒಂದು ಸೊಟ್ಟ ಹಣ್ಣನ್ನು ಭೂತಗನ್ನಡಿಯಲ್ಲಿ ನೋಡಿದೆ. ಉಬ್ಬಿದ ಬದಿಯ ಬೀಜಗಳು ದಪ್ಪ, ಮುದುಡಿದ ಬದಿಯವು ಜೊಳ್ಳು. ಸ್ಟ್ರಾಬೆರಿಯ ತಿರುಳು ಉಬ್ಬಲು ಬೇಕಾದ ಆಕ್ಸಿನ್ ಎಂಬ ಹಾರ್ಮೋನು ಹುಟ್ಟುವುದು ಹೊರಗೆ ಕಾಣುವ ಆ ಬೀಜಗಳಲ್ಲೇ. ಪರಾಗ ತಲುಪದ ಕಡೆ ಬೀಜ ಕಟ್ಟುವುದಿಲ್ಲ. ಬೀಜ ಕಟ್ಟದ ಕಡೆ ತಿರುಳು ಬೆಳೆಯುವುದಿಲ್ಲ. ಪರಾಗ ಏಕೆ ತಲುಪಲಿಲ್ಲ? ಚಳಿಯೆಂದು ಹೂ ಬಿಡುವ ಹೊತ್ತಿನಲ್ಲೇ, ಗಿಡಗಳಿಗೆ ಪ್ಲಾಸ್ಟಿಕ್ ಹೊದಿಸಿದ ಪಾಲಿಟನೆಲ್ಲಿನ ಪಕ್ಕದ ಹಾಳೆಗಳನ್ನು ಹಗಲೂ ಇಳಿಬಿಟ್ಟಿದ್ದೆ. ಜೇನು ಒಳಗೆ ಬರುವುದಾದರೂ ಹೇಗೆ? ಹಾಳೆ ಎತ್ತಿಕಟ್ಟಿದ ಮೇಲೆ ಅರಳಿದ ಹೂಗಳು ನೆಟ್ಟಗಿನ ಹಣ್ಣು ಕೊಟ್ಟವು, ಬೋರಾನ್‌ನಿಂದ ಅಂಚು ಸುಟ್ಟ ಗಿಡಗಳಲ್ಲೂ.

ಈಗ ಏನೇ ಸಿಂಪಡಿಸಿದರೂ ಹೋಲಿಸಿ ನೋಡಲೆಂದು ಒಂದು ಸಾಲನ್ನು ಮುಟ್ಟದೆ ಬಿಡುತ್ತೇನೆ. ಅಂದು ಹಾಗೆ ಬಿಟ್ಟಿದ್ದರೆ ಮೊದಲ ವಾರದಲ್ಲೇ ಬೋರಾನ್ ಬಾಟಲಿ ಮುಚ್ಚುತ್ತಿದ್ದೆ. ಉಳಿದ ಪುಡಿಯ ಡಬ್ಬಿಗೆ ಗ್ರಾಂ ತಕ್ಕಡಿಯನ್ನು ದಾರದಿಂದ ಕಟ್ಟಿಟ್ಟಿದ್ದೇನೆ.