ಹಳೇ ಮನೆ ಕೆಡವುವ ಮುಂಚೆ ಸುಣ್ಣದ ಗಾರೆಯವರನ್ನು ಒಮ್ಮೆ ಕರೆಸಿ

ಕುಮಟಾದ ನಮ್ಮ ಅಜ್ಜನ ಮನೆ ರಿಪೇರಿ ಮಾಡಿಕೊಟ್ಟ ಗಾರೆ ತಂಡದ ಬಗ್ಗೆ ಇದು. ಕೆಲಸ ಬಹಳ ಚೆನ್ನಾಗಿದೆ. ಲೆಕ್ಕಪತ್ರದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಿ.

ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋಣ ಅಂತ ಬಿಲ್ಡರ್ ಒಬ್ಬರು ಬೆನ್ನು ಬಿದ್ದಿದ್ದರು. ಗೋಡೆಯ ಆಯುಷ್ಯ ಮುಗಿದಿದೆ ಅಂದರು, ದೊಡ್ಡಪ್ಪ ಸಹಿ ಹಾಕಲು ತಯಾರಾಗಿಬಿಟ್ಟಿದ್ದರು. ಕಾನೂನು ಕಾಪಾಡುತ್ತೆ ಅಂತ ಕೂರುವ ಹಾಗಿಲ್ಲ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ರಕ್ಷಣೆ ಸಿಗೋದು ಸರ್ಕಾರ ಸಂರಕ್ಷಿತ ಅಂತ ಘೋಷಿಸಿದ ಕಟ್ಟಡಕ್ಕೆ. ನಮ್ಮಂಥವರ ಮನೆ ಉಳಿಯೋದು ಮನೆಯವರೆಲ್ಲ ಒಪ್ಪಿದರೆ ಮಾತ್ರ.

ಮೇಸ್ತ್ರಿ ಬಂದವರೇ ದೊಡ್ಡಪ್ಪನ ಎದುರಿಗೇ ಉಳಿ ಹಾಕಿ ಒಂದು ಕಡೆ ಗಿಲಾವು ಕಿತ್ತರು. ಒಳಗಿನ ಚಿರೆಕಲ್ಲು, ಅಂದರೆ ನಮ್ಮ ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲು, ಗಟ್ಟಿಯಾಗಿಯೇ ಇತ್ತು. ಹಿಂದೆ ಯಾರೋ ಮೆತ್ತಿದ ಸಿಮೆಂಟಿನ ಹಿಂದೆ ತೇವ ಕೂತಿತ್ತು. ಚಿರೆಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತೆ, ಸುಣ್ಣದ ಗಾರೆ ಇದ್ದರೆ ಆ ನೀರು ನಿಧಾನಕ್ಕೆ ಆರಿ ಹೋಗುತ್ತೆ, ಸಿಮೆಂಟು ಬಳಿದರೆ ಒಳಗೇ ಉಳಿದು ಉಪ್ಪು ಬಿಟ್ಟು ಗೋಡೆ ಹಪ್ಪಳದ ಹಾಗೆ ಏಳುತ್ತೆ. "ಗೋಡೆಗೆ ಎಂತದೂ ಆಗಲಿಲ್ಲ ಮಾರಾಯ್ರೇ, ಈ ಸಿಮೆಂಟು ತೆಗೆಸಿ" ಅಂದರು. ದೊಡ್ಡಪ್ಪ ಆ ಕಲ್ಲನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಸಹಿ ವಿಷಯ ಅಲ್ಲಿಗೇ ನಿಂತಿತು.

ಜಗಲಿಯ ಬಾಗಿಲ ಮೇಲೆ ಕಾವಿ ಕಲೆಯ ಪಟ್ಟಿ ಇದೆ, ಶಿರಸಿ ಮಾರಿಕಾಂಬೆ ಗುಡಿಯ ಗೋಡೆಯಲ್ಲಿ ನೋಡಿರ್ತೀರಲ್ವಾ, ಅದೇ ಕೆಂಪು ಬಿಳಿ. ಅರ್ಧ ಉದುರಿತ್ತು. ಸುಮ್ನೆ ಪೇಂಟ್ ಹೊಡೆದು ಮುಗಿಸಬಹುದಿತ್ತು. ಇವರು ಸುಣ್ಣದ ಗಿಲಾವಿನ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಚೂಪು ಕಬ್ಬಿಣದ ಕಡ್ಡಿಯಿಂದ ಬಳ್ಳಿ, ಹೂವು ಕೆರೆದರು. ಕೆರೆದಲ್ಲೆಲ್ಲ ಅಡಿಯ ಬಿಳಿ ಎದ್ದು ಬರುತ್ತೆ. ಒಣಗಿದ ಮೇಲೆ ತಿದ್ದೋಕೆ ಆಗಲ್ಲ, ಹಾಗಾಗಿ ಕೆರೆಯುತ್ತಿದ್ದ ತಂಡದ ಹುಡುಗ ಊಟಕ್ಕೂ ಏಳಲಿಲ್ಲ. ಹಳೆಯದನ್ನು ಮುಟ್ಟದೆ, ಉದುರಿದ ಜಾಗವನ್ನಷ್ಟೇ ತುಂಬಿದ್ದಾರೆ.

ಮಾಡಿನ ಒರಲೆ (ಗೆದ್ದಲು) ಹಿಡಿದ ಪಕಾಸು, ರೀಪು, ಅಂದರೆ ಹೆಂಚು ಹೊರುವ ಮರದ ಪಟ್ಟಿಗಳನ್ನು ಬದಲಿಸಿದರು. ಒಂದು ಕಾರ್ಖಾನೆಯ ಹೆಂಚು ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ, ಅದಕ್ಕೇ ಹೆದ್ದಾರಿ ಅಗಲ ಮಾಡುವಾಗ ಒಡೆದ ಮನೆಯೊಂದರ ಹೆಂಚು ಹುಡುಕಿ ತಂದರು. ನನಗೆ ಅದನ್ನು ನೋಡಿ ಸಂಕಟವೂ ಆಯ್ತು.

ಕೂಲಿ ದಿನದ ಲೆಕ್ಕ, ಸಾಮಾನು ನಮ್ಮದು. ಎಸ್ಟಿಮೇಟ್ ಬರೆದು ಕೊಡಲ್ಲ, ಖರ್ಚು ಬಾಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿಯೇ ಆಯ್ತು. ಮೊದಲೇ ಬರೆಸಿಕೊಳ್ಳಿ. ಸುಣ್ಣ ಒಣಗೋಕೆ ಸಮಯ ಬೇಕು, ದಸರಾ ಕಳೆದ ಕೂಡಲೇ ಶುರು ಮಾಡಿಸಿದರೆ ಮುಂದಿನ ಮಳೆಯೊಳಗೆ ಮುಗಿಯುತ್ತೆ.