ತುಕ್ಕು ಹಿಡಿದ ಸ್ಕ್ರೂ ಬಿಚ್ಚಲು ಎಣ್ಣೆ, ಏಟು, ಬೆಂಕಿ, ಡ್ರಿಲ್: ನಾನು ಮಾಡಿ ನೋಡಿದ್ದು

ಅಪ್ಪ 1991ರಲ್ಲಿ ಕೊಂಡ ಯಮಹಾ ಆರ್‌ಎಕ್ಸ್ 100 ನಮ್ಮ ಕುಮಟಾ ಮನೆಯ ಕೊಟ್ಟಿಗೆಯಲ್ಲಿ 11 ವರ್ಷ ಸುಮ್ನೆ ನಿಂತಿತ್ತು. ಕಡಲು ಹತ್ತಿರ. ವರ್ಷವಿಡೀ ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಅದನ್ನು ಮತ್ತೆ ರಸ್ತೆಗೆ ಇಳಿಸಬೇಕು ಅಂತ ಕೈ ಹಾಕಿದಾಗ ಎಂಜಿನ್‌ಗಿಂತ ಜಾಸ್ತಿ ಕಾಡಿದ್ದು ಸ್ಕ್ರೂಗಳು. ಸ್ಕ್ರೂ, ಬೋಲ್ಟ್ ಸೇರಿ 17 ಜಗ್ಗಲೇ ಇಲ್ಲ. ಆರು ಸ್ಟೀಲ್‌ನಲ್ಲಿ ಕೂತಿದ್ದವು: ಮಡ್‌ಗಾರ್ಡ್, ಚೈನ್ ಕವರ್, ಫುಟ್‌ರೆಸ್ಟ್. ಉಳಿದ ಹನ್ನೊಂದು ಎಂಜಿನ್‌ನ ಅಲ್ಯೂಮಿನಿಯಂನಲ್ಲಿ. ಜನ ಹೇಳುವ ಉಪಾಯಗಳನ್ನು ಒಂದೊಂದಾಗಿ ಮಾಡಿ, ಯಾವುದಕ್ಕೆ ಎಷ್ಟು ಬಂದವು ಅಂತ ಬರೆದಿಟ್ಟುಕೊಂಡೆ.

ಮೊದಲ ದಿನವೇ ಒಂದು ಸ್ಕ್ರೂ ಹಾಳು ಮಾಡಿದೆ. ಕ್ಲಚ್ ಕವರಿನದು. ಮನೆಯಲ್ಲಿದ್ದ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟು ಜೋರಾಗಿ ತಿರುಗಿಸಿದೆ. ಅದು ಜಾರಿ ಮೇಲೆ ಬಂತು, ತಲೆಯಲ್ಲಿದ್ದ ಪ್ಲಸ್ ಆಕಾರ ಸವೆದು ದುಂಡಗಾಯಿತು. ಆಮೇಲೆ ಗೊತ್ತಾದ ವಿಷಯ ಇದು. ಹಳೇ ಜಪಾನಿ ವಿನ್ಯಾಸದ ಬೈಕುಗಳಲ್ಲಿ ಇರುವುದು ಫಿಲಿಪ್ಸ್ ತಲೆ ಅಲ್ಲ, ಜೆಐಎಸ್ ಅನ್ನುವ ಜಪಾನಿ ಅಳತೆಯ ಪ್ಲಸ್. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಫಿಲಿಪ್ಸ್ ತುದಿ ಜೆಐಎಸ್ ತಲೆಯೊಳಗೆ ತಳ ಮುಟ್ಟಿ ಕೂರುವುದಿಲ್ಲ. ಎಷ್ಟೋ ಜೆಐಎಸ್ ಸ್ಕ್ರೂಗಳ ತಲೆ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ, ಅದೇ ಗುರುತು. ಕವರಿನ 6 ಎಂಎಂ ಸ್ಕ್ರೂಗೆ 3ನೇ ನಂಬರ್ ಬಿಟ್ (ಡ್ರೈವರಿಗೆ ಸಿಕ್ಕಿಸುವ ತುದಿ) ಬೇಕು, ಕಾರ್ಬುರೇಟರ್ ಬಟ್ಟಲಿನ ಸಣ್ಣ ಸ್ಕ್ರೂಗೆ 2ನೇ ನಂಬರ್. ಈ ಬಿಟ್‌ಗಳನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಬೇರೆ ಯಾವ ಉಪಾಯ ಶುರು ಮಾಡುವ ಮೊದಲೂ ಇದು ಕೈಲಿರಬೇಕು. ತಲೆ ಹೋಯಿತೆಂದರೆ ಹಿಡಿಯಲು ಏನೂ ಉಳಿಯುವುದಿಲ್ಲ.

ಸ್ಕ್ರೂ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಸ್ಟೀಲ್ ಬೋಲ್ಟ್ ಸ್ಟೀಲ್‌ನಲ್ಲಿದ್ದರೆ ಎಳೆಗಳ (ಸ್ಕ್ರೂ ಮೈಮೇಲಿನ ಸುರುಳಿ ಗೆರೆಗಳ) ನಡುವೆ ಕೆಂಪು ತುಕ್ಕು ತುಂಬಿರುತ್ತದೆ. ಅದು ಒಂಥರಾ ಪುಡಿಪುಡಿ, ಎಣ್ಣೆ ಇಳಿಯಲು ದಾರಿ ಕೊಡುತ್ತದೆ. ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂನಲ್ಲಿದ್ದರೆ ಕಥೆ ಬೇರೆ. ಎರಡು ಬೇರೆ ಲೋಹಗಳು, ನಡುವೆ ಉಪ್ಪುನೀರು. ಬ್ಯಾಟರಿಯೊಳಗೆ ಆಗುವಂಥದ್ದೇ ಅಲ್ಲೂ ಆಗಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಹಾಗೆ ಹುಟ್ಟುವ ಬಿಳಿ ಪುಡಿ ಉಬ್ಬಿ, ಗಟ್ಟಿಯಾಗಿ, ಸ್ಕ್ರೂವನ್ನು ಗಾರೆ ಹಾಕಿದ ಹಾಗೆ ಹಿಡಿದುಬಿಡುತ್ತದೆ. ನಮ್ಮ ಕರಾವಳಿಯ ಗಾಡಿಗಳ ನಿಜವಾದ ಕಷ್ಟ ಇದೇ.

ಎಣ್ಣೆಯಿಂದ ಶುರು ಮಾಡಿದೆ. ಸ್ಟೀಲ್‌ನಲ್ಲಿದ್ದ ಆರು ಬೋಲ್ಟ್‌ಗಳಲ್ಲಿ ಎರಡಕ್ಕೆ ಡೀಸೆಲ್, ಎರಡಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ತುಕ್ಕು ಬಿಡಿಸುವ ಸ್ಪ್ರೇ, ಎರಡಕ್ಕೆ ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರಿನ ಎಣ್ಣೆಯ ಸಮಪಾಲು ಮಿಶ್ರಣ. ಮೂರು ದಿನ ಬೆಳಿಗ್ಗೆ ಸಂಜೆ ಹಾಕಿದೆ, ಪ್ರತಿ ಸಲ ತಲೆ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಕೊಟ್ಟೆ. ಡೀಸೆಲ್‌ಗೆ ಒಂದು ಬಂತು, ಸ್ಪ್ರೇಗೆ ಒಂದು, ಮಿಶ್ರಣಕ್ಕೆ ಎರಡೂ ಬಂದವು. ಆರು ಬೋಲ್ಟ್ ನೋಡಿ ಇದೇ ಮೇಲು ಅಂತ ತೀರ್ಪು ಕೊಡುವುದು ಸರಿಯಲ್ಲ. ಆದರೆ ಮಿಶ್ರಣ ಹಾಕಿದ ಬೋಲ್ಟ್ ಬಿಚ್ಚಿದಾಗ ಎಳೆಯ ತುದಿಯವರೆಗೂ ಒದ್ದೆಯಾಗಿತ್ತು, ಡೀಸೆಲ್‌ನದು ಅರ್ಧಕ್ಕೇ ಒಣಗಿತ್ತು. ಮಿಶ್ರಣದ ತೊಂದರೆಗಳೂ ಇವೆ. ಎರಡೂ ಬೇರೆಯಾಗಿ ನಿಲ್ಲುತ್ತವೆ, ಪ್ರತಿ ಸಲ ಕುಲುಕಬೇಕು. ಅಸಿಟೋನ್ ಬಣ್ಣ ತಿನ್ನುತ್ತದೆ, ಪ್ಲಾಸ್ಟಿಕ್ ಕರಗಿಸುತ್ತದೆ, ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಬಣ್ಣ ಉಳಿಸಬೇಕಾದ ಜಾಗದಲ್ಲಿ ನಾನು ಸ್ಪ್ರೇಯನ್ನೇ ಬಳಸುತ್ತೇನೆ.

ಅಲ್ಯೂಮಿನಿಯಂನಲ್ಲಿದ್ದ ಹನ್ನೊಂದರಲ್ಲಿ ನಾಲ್ಕು ಸ್ಕ್ರೂಗೂ ಇದೇ ಎಣ್ಣೆಗಳನ್ನು ಹಾಕಿ ನೋಡಿದೆ. ಒಂದೂ ಅಲುಗಲಿಲ್ಲ.

ಆಮೇಲೆ ಕೈಯಿಂದ ಬಳಸುವ ಇಂಪ್ಯಾಕ್ಟ್ ಡ್ರೈವರ್ ತಂದೆ. ಒಂದು ದಪ್ಪ ಉಕ್ಕಿನ ಹಿಡಿ, ಮುಂದೆ ಬಿಟ್ ಹಾಕುವ ಜಾಗ. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಬಿಟ್ ಒಳಕ್ಕೆ ಒತ್ತಿಕೊಳ್ಳುತ್ತದೆ, ಅದೇ ಕ್ಷಣ ಸ್ವಲ್ಪ ತಿರುಗುತ್ತದೆ. ಇದರ ಗುಟ್ಟೇ ಅದು. ಕೈಯಲ್ಲಿ ತಿರುಗಿಸಿದಾಗ ಬಿಟ್ ಮೇಲೆ ಜಾರಲು ನೋಡುತ್ತದೆ, ಇಲ್ಲಿ ಏಟೇ ಅದನ್ನು ಒಳಗೆ ಕೂರಿಸುತ್ತದೆ. ಹಿಡಿದ ತುಕ್ಕೂ ಆ ಏಟಿಗೆ ಬಿರುಕು ಬಿಡುತ್ತದೆ. ಒಂದು ಕೆಜಿ ಸುತ್ತಿಗೆ ಇಟ್ಟುಕೊಳ್ಳಿ. ಹಗುರ ಸುತ್ತಿಗೆಯಲ್ಲಿ ಹತ್ತು ಸಲ ತಟ್ಟುವುದಕ್ಕಿಂತ ಭಾರದ ಸುತ್ತಿಗೆಯ ಒಂದು ನೇರ ಏಟು ಸಾಕು. ಬೈಕನ್ನು ಎಡಕ್ಕೆ ಮಲಗಿಸಿದೆ, ಟ್ಯಾಂಕ್ ಮೊದಲೇ ಬಿಚ್ಚಿಟ್ಟಿದ್ದೆ. ಹಾಗಾಗಿ ಕ್ಲಚ್ ಕವರ್ ಮೇಲೆ ಬಂತು, ಏಟು ನೇರ ಕೆಳಕ್ಕೆ ಬಿತ್ತು. ಎಂಜಿನ್ ಕೆಳಗೆ ಮರದ ತುಂಡು ಕೊಡುವುದನ್ನು ಮರೆಯಬಾರದು. ಆಸರೆ ಇಲ್ಲದ ಅಲ್ಯೂಮಿನಿಯಂ ಸೀಳಬಹುದು. ಬಿಟ್ ತುದಿಗೆ ಸ್ವಲ್ಪ ವಾಲ್ವ್ ಉಜ್ಜುವ ಪೇಸ್ಟ್ ಹಚ್ಚಿದರೆ ಹಿಡಿತ ಇನ್ನೂ ಜಾಸ್ತಿ. ಸ್ಟೀಲ್‌ನಲ್ಲಿ ಉಳಿದಿದ್ದ ಎರಡು, ಅಲ್ಯೂಮಿನಿಯಂನಲ್ಲಿದ್ದ ಐದು, ಒಟ್ಟು ಏಳು ಒಂದೇ ಮಧ್ಯಾಹ್ನ ಬಂದವು. ನಾನು ಕೊಟ್ಟಿದ್ದು ಆರುನೂರು ಚಿಲ್ಲರೆ ರೂಪಾಯಿ. ಈ ಕೆಲಸಕ್ಕೆ ಖರ್ಚು ಮಾಡಿದ್ದರಲ್ಲಿ ಅಷ್ಟು ಸಾರ್ಥಕವಾದ ದುಡ್ಡು ಬೇರೆ ಇಲ್ಲ.

ಅದಕ್ಕೂ ಬಗ್ಗದ ನಾಲ್ಕು ಸ್ಕ್ರೂಗೆ ಬೆಂಕಿ. ಸಣ್ಣ ಬ್ಯೂಟೇನ್ ಟಾರ್ಚ್ ತಂದು ಸ್ಕ್ರೂ ತಲೆಗೆ ಹಿಡಿದಿದ್ದೆ. ಪಕ್ಕದ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ನೋಡಿ, "ತಮಾ, ಸ್ಕ್ರೂಗೆ ಹಿಡೀಬೇಡ, ಸುತ್ತ ಇರೋದಕ್ಕೆ ಹಿಡಿ" ಅಂದರು. ಅವರ ಮಾತಿನ ಹಿಂದೆ ಲೆಕ್ಕ ಇದೆ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸ್ಟೀಲ್‌ಗಿಂತ ಸುಮಾರು 2 ಪಟ್ಟು ಹಿಗ್ಗುತ್ತದೆ. ಸುತ್ತಲಿನ ಲೋಹ ಕಾಯಿಸಿದರೆ ತೂತು ದೊಡ್ಡದಾಗುತ್ತದೆ, ಸ್ಕ್ರೂ ಅಷ್ಟಾಗಿ ದಪ್ಪವಾಗುವುದಿಲ್ಲ. ಬಿಳಿ ಪುಡಿಯ ಹಿಡಿತ ಅಲ್ಲಿ ಸಡಿಲವಾಗುತ್ತದೆ. ಒಂದು ಹನಿ ನೀರು ಹಾಕಿದರೆ ಚುಂಯ್ ಅನ್ನುವಷ್ಟು ಕಾಯಿಸಿ, ತಕ್ಷಣ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಹೊಡೆದೆ. ಮೂರು ಮೊದಲ ಏಟಿಗೇ ತಿರುಗಿದವು. ನಾಲ್ಕನೆಯದು ಎರಡನೇ ಸಲ ಕಾಯಿಸಿದ ಮೇಲೆ ಬಂತು.

ಇದೇ ಎಲ್ಲಕ್ಕಿಂತ ಬಲವಾದ ಉಪಾಯ, ಅಪಾಯವೂ ಇದರಲ್ಲೇ ಜಾಸ್ತಿ. ಟ್ಯಾಂಕ್, ಕಾರ್ಬುರೇಟರ್ ಎರಡೂ ಬೈಕಿನಿಂದ ದೂರ ಇರಬೇಕು. ಮೊದಲು ಹಾಕಿದ ಎಣ್ಣೆ, ಸ್ಪ್ರೇ ಒರೆಸಿ, ಆವಿ ಆರಲು ಬಿಡಬೇಕು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಎಂಜಿನ್ ಎರಕದ್ದು ಇನ್ನೂ ಮೊದಲೇ. ಬಣ್ಣ ಬದಲಾಗದೆಯೇ ಕುಸಿದುಬಿಡಬಹುದು. ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋ ಕಡೆ ನಾನು ಜ್ವಾಲೆ ಹಿಡಿಯಲಿಲ್ಲ, ಒಳಗೆ ಕಾಯಿಲ್ ಇರುತ್ತದೆ. ಕಿಕ್ಕರ್ ಪಕ್ಕದ ಆಯಿಲ್ ಸೀಲ್ ಹತ್ತಿರವೂ ಇಲ್ಲ. ಅಂಥ ಜಾಗಕ್ಕೆ ಹಾಟ್ ಏರ್ ಗನ್ ಒಳ್ಳೆಯದು. ನಿಧಾನ, ಆದರೆ ಬಿಸಿ ಎಲ್ಲಿಗೆ ಹೋಗುತ್ತಿದೆ ಅನ್ನುವುದು ಕೈಯಲ್ಲಿರುತ್ತದೆ.

ಉಳಿದವು ಎರಡು. ಒಂದು ನಾನೇ ತಲೆ ಕೆಡಿಸಿದ್ದು. ಇನ್ನೊಂದನ್ನು ತಿರುಗಿಸುವಾಗ ತಲೆ ತುಂಡಾಗಿ ಬಿದ್ದಿತ್ತು.

ತಲೆ ಕೆಟ್ಟಿದ್ದಕ್ಕೆ ಮೊದಲು ಚಾಣ ಇಟ್ಟು ಅಂಚಿಗೆ ಹೊಡೆದೆ. ಹಳೇ ಗ್ಯಾರೇಜುಗಳಲ್ಲಿ ಇದೇ ಪದ್ಧತಿ, ನನಗೆ ಫಲ ಕೊಡಲಿಲ್ಲ. ಕವರ್ ಮೇಲೆ ಒಂದು ಗಾಯ ಉಳಿಯಿತು. ಆಮೇಲೆ 6.5 ಎಂಎಂ ಬಿಟ್ಟಿನಿಂದ ತಲೆಯನ್ನಷ್ಟೇ ಡ್ರಿಲ್ ಮಾಡಿ ಹಾರಿಸಿದೆ. ಆಗ ನಡೆದದ್ದು ನನಗೆ ಆಶ್ಚರ್ಯ. ತಲೆ ಹೋದ ಮೇಲೆ ಕವರ್ ಕೈಗೆ ಬಂತು, ಮಿಕ್ಕ ಮೊಟಕು ಸ್ವಲ್ಪ ಹೊರಗೆ ಕಾಣಿಸಿತು. ಎಳೆತ ಬಿಟ್ಟಿದ್ದರಿಂದ ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಸುಲಭವಾಗಿ ಬಂದುಬಿಟ್ಟಿತು.

ಇನ್ನೊಂದು ಒಳಗೇ ಉಳಿದಿತ್ತು. ಅದಕ್ಕೆ ಎಕ್ಸ್‌ಟ್ರ್ಯಾಕ್ಟರ್ ಹಾಕಲು ಹೊರಟೆ. ನಡುವೆ ತೂತು ಕೊರೆದು, ಎಡಸುತ್ತಿನ ಎಳೆ ಇರುವ ಈ ಮೊಳೆಯಂಥದ್ದನ್ನು ಹಿಂದಕ್ಕೆ ತಿರುಗಿಸುತ್ತಾರೆ. ಒಂದು ಹಳೇ ಬೋಲ್ಟ್ ಮೇಲೆ ಮೊದಲು ಅಭ್ಯಾಸ ಮಾಡಿದೆ, ಅದು ಅಲ್ಲೇ ಕಟ್ ಅಂತ ಮುರಿಯಿತು. ಎಕ್ಸ್‌ಟ್ರ್ಯಾಕ್ಟರ್ ಗಟ್ಟಿ ಉಕ್ಕು, ಬಾಗದೆ ಮುರಿಯುತ್ತದೆ. ಮುರಿದ ತುಂಡು ಒಳಗೆ ಉಳಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಎಂಜಿನ್ ಮೇಲೆ ಆ ಧೈರ್ಯ ಮಾಡಲಿಲ್ಲ. ವೆಲ್ಡಿಂಗ್ ಶಾಪಿಗೆ ಒಯ್ದೆ. ಮುರಿದ ಸ್ಕ್ರೂ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನ ಮೂಲಕ ವೆಲ್ಡ್ ಮಾಡಿದರು. ವೆಲ್ಡಿಂಗ್ ಉಕ್ಕಿಗಷ್ಟೇ ಹಿಡಿಯುತ್ತದೆ, ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಆ ಬಿಸಿಗೆ ಹಿಡಿತವೂ ಸಡಿಲ. ಸ್ವಲ್ಪ ಆರಿದ ಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಪೂರ್ತಿ ಸ್ಕ್ರೂ ಬಂತು. ನೂರು ರೂಪಾಯಿ ತೆಗೆದುಕೊಂಡರು. ಮುರಿದ ಸ್ಕ್ರೂಗೆ ಎಕ್ಸ್‌ಟ್ರ್ಯಾಕ್ಟರಿಗಿಂತ ಇದೇ ವಾಸಿ ಅಂತ ಧೈರ್ಯವಾಗಿ ಹೇಳುತ್ತೇನೆ. ವೆಲ್ಡ್ ಮಾಡಿಸುವಾಗ ಬೈಕಿನ ಬ್ಯಾಟರಿ ವೈರ್ ಬಿಚ್ಚಿರಬೇಕು, ಅಷ್ಟೇ.

ಇನ್ನೊಮ್ಮೆ ಇಂಥ ಗಾಡಿ ಸಿಕ್ಕರೆ ಸ್ಟೀಲ್‌ನಲ್ಲಿದ್ದದ್ದಕ್ಕೆ ಎಣ್ಣೆ ಹಾಕಿ ಮೂರು ದಿನ ಕಾಯುತ್ತೇನೆ. ಅಲ್ಯೂಮಿನಿಯಂನಲ್ಲಿದ್ದದ್ದಕ್ಕೆ ಎಣ್ಣೆಯಲ್ಲಿ ಹೊತ್ತು ಕಳೆಯುವುದಿಲ್ಲ. ಸರಿಯಾದ ಬಿಟ್, ನೇರ ಏಟು, ಬಗ್ಗದಿದ್ದರೆ ಬಿಸಿ.

ಮತ್ತೆ ಜೋಡಿಸುವಾಗ ಕವರ್‌ಗಳಿಗೆ ಸ್ಟೇನ್‌ಲೆಸ್ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಕುಳಿ ಇರುವಂಥದ್ದು) ಹಾಕಿದೆ. ಸ್ಟೇನ್‌ಲೆಸ್‌ಗೆ ತುಕ್ಕು ಹತ್ತುವುದು ಕಡಿಮೆ, ಆದರೆ ಅಲ್ಯೂಮಿನಿಯಂ ತಿನ್ನುವ ಕೆಲಸ ಅದೂ ಮಾಡುತ್ತದೆ. ಅದಕ್ಕೇ ಎಳೆಗೆಲ್ಲ ತೆಳ್ಳಗೆ ಆ್ಯಂಟಿ-ಸೀಜ್ ಪೇಸ್ಟ್ (ಲೋಹಗಳು ಕಚ್ಚಿಕೊಳ್ಳದ ಹಾಗೆ ತಡೆಯುವ ಪೇಸ್ಟ್) ಹಚ್ಚಿದೆ. ಬಿಗಿತ 8 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಆಸುಪಾಸಿಗೆ ನಿಲ್ಲಿಸಿದೆ. ಪೇಸ್ಟ್ ಇದ್ದಾಗ ಬೋಲ್ಟ್ ಸಲೀಸಾಗಿ ತಿರುಗುತ್ತದೆ, ಕೈ ಅಂದಾಜಿಗೆ ಬಿಟ್ಟರೆ ಎಳೆ ಕಿತ್ತು ಬರಬಹುದು. ಒಂದು ಮಳೆಗಾಲ ಕಳೆದ ಮೇಲೆ ಕ್ಲಚ್ ಪ್ಲೇಟ್ ನೋಡಲು ಮತ್ತೆ ಕವರ್ ತೆಗೆದೆ. ಸಣ್ಣ ಅಲೆನ್ ಕೀಲಿಯಲ್ಲೇ ಎಲ್ಲವೂ ಬಂದವು.